ಮೊಬೈಲಿನಲ್ಲಿ ಇನ್ನೊಂದು ಭಾಷೆ ಕಲಿಯುವುದು ಹೇಗೆ: ಬಳ್ಳಾರಿಯಿಂದ ಒಂದು ಸಮಗ್ರ ಮಾರ್ಗದರ್ಶಿ

ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ನಾನು ಆರ್ಡರ್ ಮತ್ತು ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಸೇರಿದ ಹೊಸದರಲ್ಲಿ ಒಂದು ದಿನ ನಾಗಪುರದ ವ್ಯಾಪಾರಿಯೊಬ್ಬರ ಫೋನ್ ಬಂತು. "ಮಾಲ್ ಕಬ್ ನಿಕ್ಲೇಗಾ?" ಅಂತ ಕೇಳಿದರು. ನಾಳೆ ಹೋಗುತ್ತೆ ಅಂತ ಹೇಳಬೇಕಿತ್ತು. "ಮಾಲ್ ಕಲ್ ಗಯಾ" ಅಂದುಬಿಟ್ಟೆ. ಹಿಂದಿಯಲ್ಲಿ ನಿನ್ನೆಗೂ ಕಲ್, ನಾಳೆಗೂ ಕಲ್. ಯಾವ ದಿನ ಅನ್ನುವುದು ಕೊನೆಯ ಕ್ರಿಯಾಪದದಿಂದಲೇ ಗೊತ್ತಾಗಬೇಕು. ಗಯಾ ಅಂದರೆ ಹೋಯಿತು, ಜಾಯೇಗಾ ಅಂದರೆ ಹೋಗುತ್ತದೆ. ಮಾಲು ನಿನ್ನೆಯೇ ಹೊರಟಿದೆ ಅಂತ ತಿಳಿದು ಅವರು ಬಿಲ್ಟಿ ಕಳಿಸಿ ಅಂದರು. ಬಿಲ್ಟಿ ಅಂದರೆ ಲಾರಿ ರಶೀದಿ. ಮಾಲು ನೋಡಿದರೆ ಇನ್ನೂ ವಾಷಿಂಗ್‌ನಲ್ಲಿತ್ತು. ಅವತ್ತು ಆ ಕಡೆಯವರಿಗೂ ನಮ್ಮ ಮಾಲೀಕರಿಗೂ ಸಮಾಧಾನ ಹೇಳುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು.

ಆ ಹೊತ್ತಿಗೆ ನನ್ನ ಫೋನಿನಲ್ಲಿ ಭಾಷೆ ಕಲಿಸುವ ಒಂದು ಆ್ಯಪ್ ಇತ್ತು. ನಲವತ್ತು ದಿನ ಒಂದೂ ದಿನ ಬಿಡದೆ ಮಾಡಿದ್ದೆ. ಹುಡುಗ ಸೇಬು ತಿನ್ನುತ್ತಾನೆ, ಹುಡುಗಿ ನೀರು ಕುಡಿಯುತ್ತಾಳೆ, ಇದೆಲ್ಲ ಹಿಂದಿಯಲ್ಲಿ ಸರಾಗವಾಗಿ ಬರುತ್ತಿತ್ತು. ಆದರೆ ನನ್ನ ದಿನದಲ್ಲಿ ಸೇಬು ತಿನ್ನುವ ಹುಡುಗ ಎಲ್ಲೂ ಇಲ್ಲ. ಮಾಲು ಇದೆ, ಗಾಡಿ ಇದೆ, ಬಾಕಿ ಇದೆ. ಆಮೇಲೆ ನಾನು ದಾರಿ ಬದಲಿಸಿದೆ. ಆ್ಯಪ್ ಕೊಟ್ಟಿದ್ದನ್ನು ಕಲಿಯುವುದು ಬಿಟ್ಟು, ನನಗೆ ಬೇಕಾದ ಮಾತನ್ನು ಆ್ಯಪ್‌ಗೆ ಹಾಕತೊಡಗಿದೆ. ಮೂರು ತಿಂಗಳಲ್ಲಿ ಫೋನ್ ಎತ್ತಲು ಹೆದರಿಕೆ ಹೋಯಿತು. ಆ ದಾರಿಯನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಹಿಂದಿ, ಇಂಗ್ಲಿಷ್, ತೆಲುಗು, ಯಾವುದಕ್ಕಾದರೂ ಇದು ನಡೆಯುತ್ತದೆ.

ನಾನು ಯಲಬುರ್ಗಾ ಕಡೆಯವಳು. ತವರಿನಲ್ಲಿ ಕನ್ನಡ ಒಂದೇ. ಮದುವೆಯಾಗಿ ಬಳ್ಳಾರಿಗೆ ಬಂದ ಮೇಲೆ ನೋಡಿದರೆ ಓಣಿಗೊಂದು ಭಾಷೆ. ಅದಕ್ಕೆ ಕಾರಣವೂ ಇದೆ. ಬಳ್ಳಾರಿ 1953ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು, ಅಲ್ಲಿನ ಹಿರಿಯರಲ್ಲಿ ಉರ್ದುವಿನಲ್ಲೇ ಶಾಲೆ ಓದಿದವರಿದ್ದರು. ನಮ್ಮೂರಿನ ನಾಟಕದ ದೊಡ್ಡ ಹೆಸರು ಬಳ್ಳಾರಿ ರಾಘವ ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ರಂಗದ ಮೇಲೆ ನಿಂತವರು. ಇವರ್ಯಾರಿಗೂ ಆ್ಯಪ್ ಇರಲಿಲ್ಲ. ಪಕ್ಕದ ಮನೆ ಇತ್ತು, ಅಂಗಡಿ ಇತ್ತು, ಕೇಳುವ ಕಿವಿ ಇತ್ತು. ಪಕ್ಕದ ಮನೆ ನಮಗೂ ಇದೆ. ಅದರ ಮಾತು ಮುಂದೆ ಬರುತ್ತದೆ.

ಮೊದಲ ಹೆಜ್ಜೆ: ಆ್ಯಪ್ ಹಾಕುವ ಮುಂಚೆ ಮೂವತ್ತು ವಾಕ್ಯ

ಒಂದು ನೋಟ್‌ಬುಕ್ ತಗೊಳ್ಳಿ. ಮೂರು ದಿನ ಪ್ಲೇ ಸ್ಟೋರ್ ಕಡೆ ಹೋಗಬೇಡಿ. ಆ ಮೂರು ದಿನದಲ್ಲಿ, ಇನ್ನೊಂದು ಭಾಷೆ ಬೇಕಾಗಿದ್ದ ಕಡೆಯಲ್ಲೆಲ್ಲ ನೀವು ಏನು ಹೇಳಬೇಕಿತ್ತು ಅನ್ನುವುದನ್ನು ಕನ್ನಡದಲ್ಲೇ ಬರೆದಿಡಿ. ನಿಮ್ಮ ಮಾತಿನಲ್ಲಿ ಹೇಗಿದೆಯೋ ಹಾಗೆ. ಗ್ರಂಥದ ಕನ್ನಡ ಬೇಡ.

ನನ್ನ ಪುಟದಲ್ಲಿ ಇಂಥವು ಇದ್ದವು: ಮಾಲು ನಾಳೆ ಹೋಗುತ್ತೆ. ಬಿಲ್ಟಿ ಸಂಜೆ ಕಳಿಸ್ತೀನಿ. ಮೂವತ್ತೆರಡರ ಸೈಜು ಮುಗಿದಿದೆ, ಮೂವತ್ನಾಲ್ಕು ಕೊಡ್ಲಾ? ಹಿಂದಿನ ಬಾಕಿ ಎಷ್ಟಿದೆ ಒಮ್ಮೆ ನೋಡಿ ಹೇಳಿ. ಸ್ವಲ್ಪ ನಿಧಾನ ಮಾತಾಡಿ.

ಈ ಕೊನೆಯ ವಾಕ್ಯ ಯಾರ ಪಟ್ಟಿಯಲ್ಲಾದರೂ ಮೊದಲು ಇರಬೇಕು. ಅದರ ಜೊತೆಗೆ "ಇನ್ನೊಮ್ಮೆ ಹೇಳಿ", "ಇದಕ್ಕೆ ನಿಮ್ಮ ಭಾಷೆಯಲ್ಲಿ ಏನಂತಾರೆ?" ಇವೆರಡೂ ಇರಲಿ. ಈ ಮೂರು ಬಂದರೆ ಎದುರಿನವರೇ ನಿಮ್ಮ ಮೇಷ್ಟ್ರಾಗುತ್ತಾರೆ.

ಕೆಲಸ ಬೇರೆಯಾದರೆ ಪಟ್ಟಿಯೂ ಬೇರೆ. ಆನೆಗೊಂದಿ ಕಡೆ ಹರಿಗೋಲು ಹಾಕುವವರಿಗೆ ಇಂಗ್ಲಿಷಿನಲ್ಲಿ ಬೇಕಾಗಿರುವುದು "ನಡುವೆ ಕೂತ್ಕೊಳ್ಳಿ, ಎದ್ದು ನಿಲ್ಲಬೇಡಿ, ಒಬ್ಬರಿಗೆ ಇಷ್ಟು" ಅನ್ನುವುದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಇಂಟರ್‌ವ್ಯೂಗೆ ಹೋಗುವ ಐಟಿಐ ಹುಡುಗನಿಗೆ ತನ್ನ ಟ್ರೇಡ್ ಬಗ್ಗೆ ಹತ್ತು ವಾಕ್ಯ ಬೇಕು. ಗಂಗಾವತಿಯ ರೈಸ್‌ಮಿಲ್ ಗುಮಾಸ್ತರಿಗೆ ತೇವಾಂಶ, ಚೀಲ, ತೂಕದ ಮಾತು ಬೇಕು. ಯಾವ ಕಂಪನಿಯ ಆ್ಯಪ್‌ಗೂ ನಿಮ್ಮ ಮೂವತ್ತು ವಾಕ್ಯ ಗೊತ್ತಿರುವುದಿಲ್ಲ. ಅದಕ್ಕೇ ಈ ಹೆಜ್ಜೆ ಮೊದಲು.

ಎರಡನೇ ಹೆಜ್ಜೆ: ಯಾವ ಆ್ಯಪ್, ಯಾವ ಕೆಲಸಕ್ಕೆ

ಒಂದೊಂದು ಆ್ಯಪ್ ಒಂದೊಂದು ಕೆಲಸ ಮಾಡುತ್ತದೆ. ಅದನ್ನು ಬೇರೆ ಮಾಡಿ ನೋಡಿದರೆ ಆಯ್ಕೆ ಸುಲಭ.

ಪಾಠ ಹೇಳುವ ಆ್ಯಪ್‌ಗಳಲ್ಲಿ ಜಾಸ್ತಿ ಜನಕ್ಕೆ ಗೊತ್ತಿರುವುದು ಡ್ಯುಯೊಲಿಂಗೊ. 2012ರಲ್ಲಿ ಎಲ್ಲರಿಗೂ ತೆರೆದುಕೊಂಡಿತು. ದಿನಾ ಕೂರುವ ಅಭ್ಯಾಸ ಬೆಳೆಸಲು ಚೆನ್ನಾಗಿದೆ. ಆದರೆ ಅದರಲ್ಲಿ ಹಿಂದಿ ಪಾಠ ಇಂಗ್ಲಿಷ್ ಮೂಲಕ ನಡೆಯುತ್ತದೆ. ಇಂಗ್ಲಿಷ್ ಕಷ್ಟ ಅನ್ನುವವರಿಗೆ ಅದು ಎರಡು ಹೊರೆ ಆಗುತ್ತದೆ. ನಮ್ಮ ದೇಶದ ಭಾಷೆಗಳಿಗೆ ಕೇಂದ್ರ ಶಿಕ್ಷಣ ಸಚಿವಾಲಯ 2021ರಲ್ಲಿ ಬಿಡುಗಡೆ ಮಾಡಿದ ಭಾಷಾ ಸಂಗಮ ಆ್ಯಪ್ ಇದೆ. 22 ಭಾಷೆಗಳಲ್ಲಿ ದಿನಬಳಕೆಯ 100ಕ್ಕೂ ಹೆಚ್ಚು ವಾಕ್ಯಗಳನ್ನು ಕೊಡುತ್ತದೆ. ದುಡ್ಡಿಲ್ಲ. ಚಿಕ್ಕದು, ಆದರೆ ತೆಲುಗು, ಉರ್ದು ಶುರು ಮಾಡುವವರಿಗೆ ಅಷ್ಟು ಸಾಕು.

ನೆನಪಿಟ್ಟುಕೊಳ್ಳಲು ಆಂಕಿ. ಇದು ಕಾರ್ಡಿನ ಆ್ಯಪ್, ಅಂದರೆ ಮುಂದೆ ಪ್ರಶ್ನೆ, ಹಿಂದೆ ಉತ್ತರ ಇರುವ ಚೀಟಿಗಳಿದ್ದಂತೆ. 2006ರಲ್ಲಿ ಡೇಮಿಯನ್ ಎಲ್ಮ್ಸ್ ಅನ್ನುವವರು ಮಾಡಿದ್ದು. ಹೆಸರು ಜಪಾನಿ ಪದ, ಬಾಯಿಪಾಠ ಅಂತ ಅರ್ಥ. ಆಂಡ್ರಾಯ್ಡ್ ಫೋನಿನಲ್ಲಿ ಆಂಕಿಡ್ರಾಯ್ಡ್ ಅಂತ ಹುಡುಕಿ, ಉಚಿತವಾಗಿ ಸಿಗುತ್ತದೆ. ಐಫೋನಿನಲ್ಲಿ ಮಾತ್ರ ದುಡ್ಡು ಕೊಡಬೇಕು. ನೋಡಲು ಬಣ್ಣ ಇಲ್ಲ, ಗೊಂಬೆ ಇಲ್ಲ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಕೆಲಸಕ್ಕೆ ಬಂದಿದ್ದು ಇದೇ.

ಅರ್ಥ ತಿಳಿಯಲು ಗೂಗಲ್ ಟ್ರಾನ್ಸ್‌ಲೇಟ್. 2011ರಿಂದ ಕನ್ನಡ ಇದೆ. ಕನ್ನಡ ಪದದ ಇಂಗ್ಲಿಷ್ ಅರ್ಥ ಸರಿಯಾಗಿ ಬೇಕಾದರೆ ಅಲರ್ ನಿಘಂಟು ನೋಡಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ನಿಘಂಟು ಅದು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. ಫೋನಿನ ಬ್ರೌಸರಿನಲ್ಲೇ ತೆರೆಯುತ್ತದೆ.

ಮಾತಾಡುವ ಅಭ್ಯಾಸಕ್ಕೆ ಜೆಮಿನಿ ಲೈವ್ ಥರದ ಎಐ ಸಹಾಯಕಗಳಿವೆ. ಕನ್ನಡ, ತೆಲುಗು, ಹಿಂದಿ, ಉರ್ದು ಎಲ್ಲದರಲ್ಲೂ ಮಾತಾಡುತ್ತದೆ. "ನೀನು ನಾಗಪುರದ ಬಟ್ಟೆ ವ್ಯಾಪಾರಿ. ನನಗೆ ಫೋನ್ ಮಾಡಿದ್ದೀಯ. ಸುಲಭದ ಹಿಂದಿಯಲ್ಲಿ ಮಾತಾಡು. ನನ್ನ ತಪ್ಪನ್ನು ಕೊನೆಗೆ ಕನ್ನಡದಲ್ಲಿ ಹೇಳು" ಅಂತ ಹೇಳಿ ಶುರು ಮಾಡಿ. ಸಂಕೋಚ ಇರುವವರಿಗೆ ಇದು ದೊಡ್ಡ ಉಪಕಾರ.

ಇಷ್ಟರಲ್ಲಿ ನಿಮಗೆ ಬೇಕಾಗಿರುವುದು ಆಂಕಿ, ಟ್ರಾನ್ಸ್‌ಲೇಟ್, ಜೊತೆಗೆ ಇನ್ನೊಂದು. ಏಳೆಂಟು ಹಾಕಿಕೊಂಡವರು ಏಳೆಂಟನ್ನೂ ಬಿಡುತ್ತಾರೆ.

ಮೂರನೇ ಹೆಜ್ಜೆ: ಫೋನ್ ಸಜ್ಜು ಮಾಡುವುದು

ಇದಕ್ಕೆ ಅರ್ಧ ಗಂಟೆ ಸಾಕು. ವೈಫೈ ಅಥವಾ ಒಳ್ಳೆ ನೆಟ್‌ವರ್ಕ್ ಇರುವ ಕಡೆ ಕೂತು, ಟ್ರಾನ್ಸ್‌ಲೇಟ್‌ನಲ್ಲಿ ಕನ್ನಡ ಮತ್ತು ನಿಮ್ಮ ಭಾಷೆಯನ್ನು ಡೌನ್‌ಲೋಡ್ ಮಾಡಿಡಿ. ಆಮೇಲೆ ಬಸ್ಸಿನಲ್ಲಿ ನೆಟ್ ಹೋದರೂ ನಡೆಯುತ್ತದೆ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಆ ಭಾಷೆಯನ್ನು ಸೇರಿಸಿ. ಮೈಕ್ ಒತ್ತಿ ಮಾತಾಡಿದರೆ ಅಕ್ಷರ ಮೂಡುತ್ತದಾ ನೋಡಿ. ಈ ಮೈಕ್ ನಮಗೆ ಮುಂದೆ ಬಹಳ ಬೇಕು. ತಂತಿಯ ಸಾದಾ ಇಯರ್‌ಫೋನ್ ಒಂದಿದ್ದರೆ ಸಾಕು.

ನಾಲ್ಕನೇ ಹೆಜ್ಜೆ: ಕಾರ್ಡು ಕಟ್ಟುವುದು

ಇಲ್ಲಿ ಸ್ವಲ್ಪ ನಿಲ್ಲೋಣ. ಇಡೀ ಕಲಿಕೆಯ ಜೀವ ಇಲ್ಲಿದೆ.

ಕಲಿತಿದ್ದು ಯಾಕೆ ಮರೆಯುತ್ತೆ? ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಇದನ್ನು ಬರೆದರು. ಅರ್ಥವಿಲ್ಲದ ಸದ್ದುಗಳನ್ನು ಬಾಯಿಪಾಠ ಮಾಡಿ ನೋಡಿದರು. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಜಾಸ್ತಿ ಹೋಗಿರುತ್ತಿತ್ತು. ಆದರೆ ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ನೆನಪಿಸಿಕೊಂಡರೆ, ಮುಂದಿನ ಸಲ ಮರೆಯಲು ಜಾಸ್ತಿ ದಿನ ಹಿಡಿಯುತ್ತದೆ. ಇವತ್ತು, ನಾಳೆ, ನಾಲ್ಕು ದಿನ ಬಿಟ್ಟು, ಹತ್ತು ದಿನ ಬಿಟ್ಟು, ತಿಂಗಳು ಬಿಟ್ಟು. ಆಂಕಿ ಮಾಡುವುದು ಇಷ್ಟೇ. ಯಾವ ಕಾರ್ಡು ಯಾವತ್ತು ಬರಬೇಕು ಅನ್ನುವ ಲೆಕ್ಕ ಅದು ಇಟ್ಟುಕೊಳ್ಳುತ್ತದೆ.

ಇನ್ನೊಂದು ಮಾತು. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು ಗಟ್ಟಿ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ವಿದ್ಯಾರ್ಥಿಗಳ ಜೊತೆ ಇದನ್ನು ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿಸಿಕೊಂಡು ಬರೆದವರು ಮುಂದೆ ಬಂದಿದ್ದರು. ಅದಕ್ಕೇ ಕಾರ್ಡಿನ ಮುಂದೆ ಕನ್ನಡ ಇರಬೇಕು, ಹಿಂದೆ ಹೊಸ ಭಾಷೆ. ಮೊದಲು ಬಾಯಿಬಿಟ್ಟು ಹೇಳಿ, ಆಮೇಲೆ ತಿರುಗಿಸಿ ನೋಡಿ.

ನನ್ನ ಒಂದು ಕಾರ್ಡನ್ನು ಹೇಗೆ ಮಾಡಿದೆ ಅಂತ ತೋರಿಸುತ್ತೇನೆ. ಆಂಕಿಡ್ರಾಯ್ಡ್ ತೆರೆದು ಕೆಳಗಿನ ಕೂಡು ಗುರುತು ಒತ್ತಿದೆ. ಮುಂಭಾಗದಲ್ಲಿ ಬರೆದೆ: ಮಾಲು ನಾಳೆ ಹೋಗುತ್ತೆ, ಬಿಲ್ಟಿ ಸಂಜೆ ಕಳಿಸ್ತೀನಿ. ಹಿಂದಿಗೆ ಟ್ರಾನ್ಸ್‌ಲೇಟ್ ಕೇಳಿದೆ. ಬಂದಿದ್ದರಲ್ಲಿ "ಭೇಜೂಂಗಾ" ಅಂತ ಇತ್ತು. ಅದನ್ನೇ ಹಾಕುವುದಿತ್ತು. ನಮ್ಮ ಮೇಲಿನ ಮನೆಯಲ್ಲಿ ಬಿಹಾರದ ಒಂದು ಸಂಸಾರ ಬಾಡಿಗೆಗೆ ಇದೆ, ಅವರ ಯಜಮಾನರು ತೋರಣಗಲ್ಲಿಗೆ ಹೋಗಿ ಬರುತ್ತಾರೆ. ಬಟ್ಟೆ ಒಣಹಾಕಲು ಮಾಳಿಗೆಗೆ ಹೋದಾಗ ಆ ಅಕ್ಕನಿಗೆ ಓದಿ ಹೇಳಿದೆ. "ದೀದಿ, ಗಂಡಸರು ಭೇಜೂಂಗಾ ಅನ್ನೋದು. ನೀವು ಭೇಜೂಂಗಿ ಅನ್ನಿ" ಅಂತ ಮುರಿದ ಕನ್ನಡದಲ್ಲಿ ಹೇಳಿದರು. ಕನ್ನಡದಲ್ಲಿ ಯಾರು ಹೇಳಿದರೂ "ಕಳಿಸ್ತೀನಿ" ಒಂದೇ. ಹಿಂದಿಯಲ್ಲಿ ಹೇಳುವವರು ಹೆಣ್ಣೋ ಗಂಡೋ ಅನ್ನುವುದು ಕ್ರಿಯಾಪದದಲ್ಲಿ ಕೂತಿರುತ್ತದೆ. ಅನುವಾದದ ಆ್ಯಪ್ ಕೇಳದೆ ಗಂಡಿನ ರೂಪವನ್ನೇ ಕೊಡುವುದು ಜಾಸ್ತಿ. ಹೆಣ್ಣುಮಕ್ಕಳು ಇದನ್ನು ನೋಡಿಕೊಳ್ಳಲೇಬೇಕು.

ಸರಿ, ಹಿಂಭಾಗದಲ್ಲಿ ಬರೆದೆ: ಮಾಲ್ ಕಲ್ ಜಾಯೇಗಾ, ಬಿಲ್ಟಿ ಶಾಮ್ ಕೋ ಭೇಜೂಂಗಿ. ಆಮೇಲೆ ಕ್ಲಿಪ್ಪಿನ ಗುರುತು ಒತ್ತಿ, ಆಡಿಯೊ ರೆಕಾರ್ಡ್ ಆರಿಸಿ, ಆ ಅಕ್ಕನ ಧ್ವನಿಯಲ್ಲೇ ಹೇಳಿಸಿದೆ. ಯಂತ್ರದ ಧ್ವನಿ ಅಲ್ಲ, ನಿಜವಾಗಿ ಜನ ಮಾತಾಡುವ ವೇಗ. ಮೂವತ್ತು ವಾಕ್ಯಕ್ಕೂ ಹೀಗೆ ಮಾಡಿದೆವು. ನಾಲ್ಕು ಸಂಜೆ ಹಿಡಿಯಿತು.

ಕೆಲವು ಎಚ್ಚರ. ಆಂಕಿ ದಿನಕ್ಕೆ 20 ಹೊಸ ಕಾರ್ಡು ತೋರಿಸುವಂತೆ ಮೊದಲೇ ಇಟ್ಟಿರುತ್ತದೆ. ಡೆಕ್ (ಕಾರ್ಡುಗಳ ಕಟ್ಟು) ಆಯ್ಕೆಗಳಿಗೆ ಹೋಗಿ ಅದನ್ನು 5 ಮಾಡಿ. ಹೊಸದು ಇಪ್ಪತ್ತಾದರೆ ಎರಡು ವಾರದಲ್ಲಿ ಹಳೆಯದರ ರಾಶಿ ಬಿದ್ದು ಆ್ಯಪ್ ತೆರೆಯುವುದೇ ಬೇಡ ಅನ್ನಿಸುತ್ತದೆ. ಉತ್ತರ ನೋಡಿದ ಮೇಲೆ ಬರುವ ಗುಂಡಿಗಳಲ್ಲಿ ಎರಡನ್ನೇ ಬಳಸಿ: ಬರಲಿಲ್ಲ ಅಂದರೆ ಅಗೇನ್, ಬಂತು ಅಂದರೆ ಗುಡ್. ಒಂದು ಕಾರ್ಡಿಗೆ ಒಂದೋ ಎರಡೋ ಚಿಕ್ಕ ವಾಕ್ಯ. ಬರೀ ಪದ ಹಾಕಬೇಡಿ. ಬರೀ "ಕಲ್" ಅಂತ ಹಾಕಿದ್ದರೆ ನನಗೆ ಮೊದಲ ದಿನದ ತಪ್ಪೇ ಮತ್ತೆ ಆಗುತ್ತಿತ್ತು.

ಲಿಪಿ ಯಾವುದು? ಹಿಂದಿ, ತೆಲುಗು, ಉರ್ದು ಆದರೆ ಮೊದಲ ಎರಡು ತಿಂಗಳು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ಮಾತು ಬರಲಿ, ಅಕ್ಷರ ಆಮೇಲೆ. ಇಂಗ್ಲಿಷಿಗೆ ಮಾತ್ರ ಇದು ಬೇಡ. ಕನ್ನಡದಲ್ಲಿ ಬರೆದುಕೊಂಡು ಓದಿದರೆ ಬುಕ್ಕು, ಬಸ್ಸು ಅಂತ ಕೊನೆಗೊಂದು ಸ್ವರ ತಾನೇ ಅಂಟಿಕೊಳ್ಳುತ್ತದೆ.

ಸ್ಮಾರ್ಟ್‌ಫೋನ್ ಸದಾ ಕೈಗೆ ಸಿಗದ ಮನೆಗಳೂ ಇವೆ. ಅವರಿಗೆ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಬರೆದ ಪೆಟ್ಟಿಗೆಯ ವಿಧಾನ ಇದೆ. ಐದು ಖಾಲಿ ಡಬ್ಬಿ, ರಟ್ಟಿನ ಚೀಟಿಗಳು. ಬಂದ ಚೀಟಿ ಮುಂದಿನ ಡಬ್ಬಿಗೆ, ಬಾರದ್ದು ಮೊದಲ ಡಬ್ಬಿಗೆ. ಮುಂದಿನ ಡಬ್ಬಿಗಳನ್ನು ಅಪರೂಪಕ್ಕೆ ತೆರೆಯುವುದು. ಆಂಕಿಯ ಹಿಂದಿರುವ ವಿಚಾರವೂ ಇಂಥದ್ದೇ.

ಐದನೇ ಹೆಜ್ಜೆ: ಬಾಯಿ ಮತ್ತು ಕಿವಿ

ಕೀಬೋರ್ಡಿನ ಮೈಕ್ ನೆನಪಿದೆಯಲ್ವಾ? ಅದು ಉಚಿತವಾಗಿ ಸಿಗುವ ಉಚ್ಚಾರಣೆಯ ಪರೀಕ್ಷಕ. ಹಿಂದಿಗೆ ಹಾಕಿ "ಧಾನ್" ಅನ್ನಿ. ಧಾನ್ ಅಂದರೆ ಭತ್ತ. ಉಸಿರಿನ ಒತ್ತು ಸಾಲದೆ ಹೋದರೆ "ದಾನ್" ಅಂತ ಮೂಡುತ್ತದೆ. ಭತ್ತ ಹೋಗಿ ದಾನ ಆಗುತ್ತದೆ. ಸಿಂಧನೂರು, ಗಂಗಾವತಿ ಕಡೆಯ ವ್ಯಾಪಾರಕ್ಕೆ ಇದು ಸಣ್ಣ ವ್ಯತ್ಯಾಸ ಅಲ್ಲ. ಹಾಗೇ ಬಾತ್ ಅಂದರೆ ಮಾತು, ಭಾತ್ ಅಂದರೆ ಅನ್ನ. ನಾವು ಮಾತಿನಲ್ಲಿ ಮಹಾಪ್ರಾಣ ಒತ್ತುವುದು ಕಡಿಮೆ. ಬಾಯಿ ಮುಂದೆ ಅಂಗೈ ಹಿಡಿದು ಹೇಳಿ ನೋಡಿ. ಕೈಗೆ ಗಾಳಿ ತಾಕಿದರೆ ಸರಿ.

ಇಂಗ್ಲಿಷಿನಲ್ಲಿ ನಮ್ಮ ತೊಂದರೆ ಬೇರೆ. ಪದದ ಮೊದಲು ಸ್ವರ ಬಂದರೆ ನಾವು ಯ ಅಥವಾ ವ ಸೇರಿಸುತ್ತೇವೆ. ಎಗ್ ಹೋಗಿ ಯೆಗ್ ಆಗುತ್ತದೆ, ಓನ್ಲಿ ಹೋಗಿ ವನ್ಲಿ ಆಗುತ್ತದೆ. ಕಿವಿಗೆ ಹೇಳುವ ಪದ (ear), ವರ್ಷಕ್ಕೆ ಹೇಳುವ ಪದ (year) ಎರಡನ್ನೂ ಮೈಕಿಗೆ ಹೇಳಿ. ಎರಡಕ್ಕೂ ಒಂದೇ ಮೂಡಿದರೆ ಅಲ್ಲಿ ಕೆಲಸ ಇದೆ ಅಂತ. ಪಶ್ಚಿಮ ದಿಕ್ಕು (west) ಮತ್ತು ಒಳಗೆ ಹಾಕುವ ಬನಿಯನ್ (vest), ಈ ಜೋಡಿಯೂ ಹಾಗೇ. ಮೊದಲಿನದಕ್ಕೆ ತುಟಿ ದುಂಡಗಾಗಬೇಕು. ಎರಡನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಕಬೇಕು. ಒಂದು ವಿಷಯ ಗಮನಿಸಿ: ಉದ್ದ ವಾಕ್ಯ ಹೇಳಿದರೆ ಫೋನ್ ಸಂದರ್ಭ ನೋಡಿ ಊಹಿಸಿ ಸರಿ ಬರೆದುಬಿಡುತ್ತದೆ. ಉಚ್ಚಾರಣೆ ಪರೀಕ್ಷಿಸಲು ಒಂಟಿ ಪದ ಹೇಳಬೇಕು.

ಕಿವಿಗೆ ಟ್ರಾನ್ಸ್‌ಲೇಟ್‌ನ ಸ್ಪೀಕರ್ ಗುರುತು ಒತ್ತಿ. ಎರಡನೇ ಸಲ ಒತ್ತಿದರೆ ನಿಧಾನವಾಗಿ ಹೇಳುತ್ತದೆ. ಯೂಟ್ಯೂಬ್‌ನಲ್ಲೂ ವೇಗವನ್ನು 0.75ಕ್ಕೆ ಇಳಿಸಬಹುದು. ನನ್ನ ರೂಢಿ ಏನಂದರೆ, ಎರಡು ನಿಮಿಷದ ಒಂದೇ ವಿಡಿಯೊವನ್ನು ವಾರ ಪೂರ್ತಿ ಕೇಳುವುದು. ಮೊದಲ ದಿನ ಸುಮ್ನೆ ಕೇಳುತ್ತೇನೆ. ಆಮೇಲೆ ಅವರ ಹಿಂದೆಯೇ ನಾನೂ ಹೇಳುತ್ತಾ ಹೋಗುತ್ತೇನೆ. ವಾರದ ಕೊನೆಗೆ ಆ ಎರಡು ನಿಮಿಷ ನನ್ನದಾಗಿರುತ್ತದೆ. ದಿನಕ್ಕೊಂದು ಹೊಸ ವಿಡಿಯೊ ನೋಡುತ್ತಿದ್ದಾಗ ಏನೂ ಉಳಿದಿರಲಿಲ್ಲ.

ಆರನೇ ಹೆಜ್ಜೆ: ಅನುವಾದದ ಆ್ಯಪ್ ಎಷ್ಟು ನಂಬಬೇಕು

ಬೋರ್ಡು, ಬಿಲ್ಲು, ಔಷಧದ ಡಬ್ಬಿ ಮೇಲಿನ ಅಕ್ಷರ ಓದಲು ಕ್ಯಾಮೆರಾ ಚೆನ್ನಾಗಿ ಕೆಲಸ ಮಾಡುತ್ತದೆ. ಮಾತಿಗೆ ಮಾತ್ರ ಹುಷಾರು. ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ ಒಂದೇ ಪದ. ಅಲ್ಲಿಂದ ಹಿಂದಿಗೋ ತೆಲುಗಿಗೋ ತಿರುಗಿಸಿದರೆ ಹಿರಿಯರಿಗೆ ಏಕವಚನ ಬಂದುಬಿಡಬಹುದು. ನಮ್ಮ ಕಡೆ ಅದು ಜಗಳಕ್ಕೇ ದಾರಿ. ಕನ್ನಡದಲ್ಲಿ "ನೀವು" ಅಂತ ಬಿಡಿಸಿ ಬರೆದು, ಬಂದ ಅನುವಾದವನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡಿ. ಅರ್ಥ ಕೆಟ್ಟಿದ್ದರೆ ಕನ್ನಡ ವಾಕ್ಯವನ್ನು ಚಿಕ್ಕದು ಮಾಡಿ. ದೊಡ್ಡ ವಾಕ್ಯ ಜಾಸ್ತಿ ಕೆಡುತ್ತದೆ.

ಹಿಂದಿಯ ಲಿಂಗದ ವಿಷಯದಲ್ಲಿ ಇನ್ನೊಂದು ಉಪಾಯ ಹೇಳಿಬಿಡುತ್ತೇನೆ. ನಮಗೆ ಗಾಡಿ, ಮಾಲು, ಕಲ್ಲು ಎಲ್ಲ "ಅದು". ಹಿಂದಿಯಲ್ಲಿ ಒಂದೋ ಗಂಡು, ಇಲ್ಲ ಹೆಣ್ಣು. ನಿಯಮ ಬಾಯಿಪಾಠ ಮಾಡಿದರೆ ಮಾತಿನ ಹೊತ್ತಿಗೆ ಬರುವುದಿಲ್ಲ. ಪ್ರತಿ ಹೆಸರನ್ನೂ ಒಂದು ಕ್ರಿಯಾಪದದ ಜೊತೆ ಕಟ್ಟಿಬಿಡಿ: ಮಾಲ್ ಆಯಾ, ಗಾಡಿ ಆಯೀ, ಪೈಸಾ ಆಯಾ. ಜೋಡಿ ಹಾಡಿನಂತೆ ಕಿವಿಗೆ ಕೂತುಬಿಡುತ್ತದೆ.

ತೆಲುಗು ಕಲಿಯುವವರಿಗೆ ಒಂದು ಮಾತು

ನಮಗೆ ತೆಲುಗು ಅರ್ಧ ಬಂದೇ ಇರುತ್ತದೆ. ತೆಲುಗಿನ ಪ ನಮ್ಮಲ್ಲಿ ಹ ಆಗಿರುವುದನ್ನು ಹಿಡಿದುಕೊಳ್ಳಿ. ಪಾಲು ಅಂದರೆ ಹಾಲು, ಪುಲಿ ಅಂದರೆ ಹುಲಿ, ಪಾಮು ಅಂದರೆ ಹಾವು, ಪುವ್ವು ಅಂದರೆ ಹೂವು. ಹಳಗನ್ನಡದಲ್ಲಿ ನಮ್ಮದೂ ಪ ಆಗಿತ್ತು, ಆಮೇಲೆ ಬದಲಾಯಿತು. ಅಕ್ಷರಗಳೂ ಒಂದೇ ಬೇರಿನವು. ಒಂದು ವಾರ ಬೋರ್ಡು ಓದುತ್ತಾ ಹೋದರೆ ಓದು ಬಂದುಬಿಡುತ್ತದೆ.

ಹತ್ತಿರ ಇರುವುದರಿಂದಲೇ ಮೋಸವೂ ಇದೆ. ತೆಲುಗಿನಲ್ಲಿ ಮಾಟ ಅಂದರೆ ಮಾತು. ನಮ್ಮಲ್ಲಿ ಮಾಟ ಅಂದರೆ ಏನು ಅಂತ ನಿಮಗೇ ಗೊತ್ತು. ತೆಲುಗಿನ ಅಡುಗು ಅಂದರೆ ಕೇಳು, ಪ್ರಶ್ನೆ ಕೇಳುವ ಅರ್ಥದಲ್ಲಿ. ನಮ್ಮ ಅಡಗು ಅಂದರೆ ಬಚ್ಚಿಟ್ಟುಕೊ. ಇಂಥ ಜೋಡಿ ಸಿಕ್ಕಾಗಲೆಲ್ಲ ಬೇರೆ ಕಾರ್ಡು ಮಾಡಿ.

ಏಳನೇ ಹೆಜ್ಜೆ: ಪಕ್ಕದ ಮನೆ

ಆ್ಯಪ್ ಕಿವಿ ತಯಾರು ಮಾಡುತ್ತದೆ, ನೆನಪು ಕಾಯುತ್ತದೆ. ಎದುರಿನವರ ಮುಖ ನೋಡಿ ಮಾತು ಹುಡುಕುವುದನ್ನು ಅದು ಕಲಿಸಲಾರದು. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಏನೋ ಗೊತ್ತಿಲ್ಲ, ನಮ್ಮ ಕಡೆ ಇನ್ನೂ ಬಾಗಿಲು ತೆರೆದೇ ಇರುತ್ತದೆ. ಕೌಲ್ ಬಜಾರಿನಲ್ಲಿ ಉರ್ದು ಇದೆ. ಸಿರುಗುಪ್ಪ ಕಡೆ ತೆಲುಗು ಇದೆ. ಸಿಂಧನೂರಿನ ಕ್ಯಾಂಪುಗಳಲ್ಲಿ ಬಂಗಾಳಿಯೂ ಇದೆ. ಕೇಳಿದರೆ ಹೇಳಿಕೊಡದವರನ್ನು ನಾನು ನೋಡಿಲ್ಲ.

ಮೇಲಿನ ಮನೆ ಅಕ್ಕನಿಗೂ ನನಗೂ ಒಂದು ಒಪ್ಪಂದ. ಸಂಜೆ ಹತ್ತು ನಿಮಿಷ ಹಿಂದಿ, ಹತ್ತು ನಿಮಿಷ ಕನ್ನಡ. ಅವರ ಆ್ಯಪ್ "ಬೆಲೆ ಎಷ್ಟು?" ಅಂತ ಕಲಿಸಿತ್ತು. ಮಾರ್ಕೆಟಿನಲ್ಲಿ ಜನ "ಹೆಂಗ್ ಕೆಜಿ?" ಅನ್ನುವುದು ಕೇಳಿ ಅವರಿಗೆ ಏನೂ ತಿಳಿದಿರಲಿಲ್ಲ. ನಾವು ಅವರಿಗೂ ಮೂವತ್ತು ವಾಕ್ಯದ ಪಟ್ಟಿ ಮಾಡಿದೆವು. "ಹೆಂಗ್ ಕೆಜಿ, ಜಾಸ್ತಿ ಆಯ್ತು, ಸ್ವಲ್ಪ ನೋಡಿ ಕೊಡ್ರಿ" ಇವೇ ಮೊದಲ ಮೂರು. ಈಗ ತರಕಾರಿಯವರು ಅವರನ್ನು ಹಿಂದಿಯಲ್ಲಿ ಮಾತಾಡಿಸುವುದೇ ಇಲ್ಲ. ನಿಮ್ಮ ಓಣಿಯಲ್ಲೂ ಕನ್ನಡ ಕಲಿಯಲು ಕಾಯುತ್ತಿರುವವರು ಇರುತ್ತಾರೆ. ಕೊಟ್ಟು ತಗೊಳ್ಳುವ ಈ ಲೆಕ್ಕದಲ್ಲಿ ಯಾರಿಗೂ ಸಂಕೋಚ ಇರುವುದಿಲ್ಲ.

ವಾರಕ್ಕೊಂದು ನಿಜವಾದ ಮಾತುಕತೆ ಆ್ಯಪ್ ಮುಟ್ಟದೆ ಮಾಡಿ. ಒಂದು ಫೋನ್ ಕರೆ, ಅಂಗಡಿಯಲ್ಲಿ ಒಂದು ವಿಚಾರಣೆ, ಏನಾದರೂ. ತಡವರಿಸಿದ ಜಾಗವನ್ನು ರಾತ್ರಿ ಕಾರ್ಡು ಮಾಡಿ. ನಿಮ್ಮ ಮುಂದಿನ ಪಾಠ ಅಲ್ಲಿಂದಲೇ ಬರುತ್ತದೆ.

ದಿನದ ಲೆಕ್ಕ ಮತ್ತು ದುಡ್ಡಿನ ಲೆಕ್ಕ

ಬೆಳಿಗ್ಗೆ ಹತ್ತು ನಿಮಿಷ ಕಾರ್ಡು. ಬಸ್ಸಿನಲ್ಲಿ, ನಡೆಯುವಾಗ ಹತ್ತು ನಿಮಿಷ ಕೇಳುವುದು. ಸಂಜೆ ಹತ್ತು ನಿಮಿಷ ಮಾತು. ಅರ್ಧ ಗಂಟೆಗಿಂತ ಜಾಸ್ತಿ ಬೇಡ. ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನಾ ಇಷ್ಟು ಮಾಡಿದರೆ ನಿಲ್ಲುತ್ತದೆ. ಮನೆಗೆ ನೆಂಟರು ಬಂದ ದಿನ, ಹಬ್ಬದ ದಿನ ಕಾರ್ಡು ಮಾತ್ರ ಸಾಕು. ಸತತ ಇಷ್ಟು ದಿನ ಅಂತ ಬೆಂಕಿಯ ಗುರುತು ತೋರಿಸುವ ಆ್ಯಪ್‌ಗಳಿವೆಯಲ್ಲ, ಆ ಗುರುತು ಉಳಿಸಲು ರಾತ್ರಿ ಹನ್ನೊಂದಕ್ಕೆ ಸುಲಭದ ಪಾಠ ಒತ್ತಿ ಮಲಗುವುದನ್ನು ನಾನೂ ಮಾಡಿದ್ದೇನೆ. ಅಂಥ ರಾತ್ರಿಗಳಲ್ಲಿ ಒಂದು ಪದವೂ ಕಲಿತಿಲ್ಲ.

ಇನ್ನು ದುಡ್ಡು. ಏಳು ದಿನ ಫ್ರೀ ಅಂತ ಹೇಳಿ ಯುಪಿಐ ಆಟೊಪೇಗೆ ಒಪ್ಪಿಗೆ ಕೇಳುವ ಆ್ಯಪ್‌ಗಳಿವೆ. ನಾನು ಅಂಥದ್ದೊಂದನ್ನು ಫೋನಿನಿಂದ ತೆಗೆದುಹಾಕಿ ಮುಗಿಯಿತು ಅಂದುಕೊಂಡಿದ್ದೆ. ಎಂಟನೇ ದಿನ ಇಡೀ ವರ್ಷದ ದುಡ್ಡು ಕಟ್ಟಾಯಿತು. ಆ್ಯಪ್ ತೆಗೆದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರಿನಲ್ಲಿ ನಿಮ್ಮ ಚಿತ್ರ ಒತ್ತಿ, ಪೇಮೆಂಟ್ಸ್ ಮತ್ತು ಸಬ್‌ಸ್ಕ್ರಿಪ್ಷನ್ಸ್‌ಗೆ ಹೋಗಿ, ಅಲ್ಲಿ ರದ್ದು ಮಾಡಬೇಕು. ಯುಪಿಐ ಆ್ಯಪ್‌ನ ಆಟೊಪೇ ಪಟ್ಟಿಯನ್ನೂ ಒಮ್ಮೆ ತೆರೆದು ನೋಡಿ. ಐಫೋನಿನ ಆಂಕಿ ಬಿಟ್ಟರೆ, ನಾನು ಮೇಲೆ ಹೇಳಿದ ಯಾವುದಕ್ಕೂ ದುಡ್ಡು ಕೊಟ್ಟೇ ಕಲಿಯಬೇಕಾದ ಅಗತ್ಯ ಇಲ್ಲ.

ಮಕ್ಕಳ ಕೈಗೆ ಫೋನ್ ಕೊಡುವುದಾದರೆ ಪಕ್ಕದಲ್ಲಿ ಕೂತು ಕೊಡಿ. ಗೂಗಲ್‌ನ ರೀಡ್ ಅಲಾಂಗ್ ಆ್ಯಪ್ ಮಕ್ಕಳು ಕಥೆ ಓದುವುದನ್ನು ಕೇಳಿಸಿಕೊಂಡು ತಪ್ಪಿದಲ್ಲಿ ತಿದ್ದುತ್ತದೆ. ಇಂಗ್ಲಿಷ್, ಹಿಂದಿ, ತೆಲುಗು ಇವೆ. ಕಥೆ ಇಳಿಸಿಕೊಂಡ ಮೇಲೆ ನೆಟ್ ಬೇಡ. ಹದಿನೈದು ನಿಮಿಷ ಸಾಕು.

ಕೊನೆಯ ಹೆಜ್ಜೆ: ಅಳತೆ

ಮೊದಲ ದಿನವೇ ಫೋನಿನ ರೆಕಾರ್ಡರಿನಲ್ಲಿ ಒಂದು ನಿಮಿಷ ಹೊಸ ಭಾಷೆಯಲ್ಲಿ ಮಾತಾಡಿ ಇಟ್ಟುಕೊಳ್ಳಿ. ಬಂದಷ್ಟು. ಮೂವತ್ತನೇ ದಿನ, ಅರವತ್ತನೇ ದಿನ, ತೊಂಬತ್ತನೇ ದಿನ ಅದೇ ವಿಷಯದ ಮೇಲೆ ಮತ್ತೆ ಮಾತಾಡಿ. ಆ್ಯಪ್ ಕೊಡುವ ಅಂಕಗಳಿಗಿಂತ ಈ ನಾಲ್ಕು ರೆಕಾರ್ಡಿಂಗ್ ಜಾಸ್ತಿ ಹೇಳುತ್ತವೆ. ಎಲ್ಲಿ ನಿಲ್ಲುತ್ತೀರಿ, ಯಾವ ಪದಕ್ಕೆ ತಡಕುತ್ತೀರಿ, ಎಲ್ಲ ಕಿವಿಗೆ ಬೀಳುತ್ತದೆ.

ಈ ನಡುವೆ ಕೆಲವು ಕಾರ್ಡು ಎಷ್ಟು ಸಲ ಬಂದರೂ ನಿಲ್ಲುವುದಿಲ್ಲ. ಎಂಟು ಸಲ ಮರೆತರೆ ಆಂಕಿ ಅದಕ್ಕೆ ಲೀಚ್, ಅಂದರೆ ಜಿಗಣೆ ಅಂತ ಹೆಸರಿಡುತ್ತದೆ. ಅದರ ಜೊತೆ ಒದ್ದಾಡಬೇಡಿ. ವಾಕ್ಯ ಬದಲಿಸಿ. ನಿಮ್ಮ ಜೀವನದ ಒಂದು ಘಟನೆ ಅದರಲ್ಲಿ ಸೇರಿಸಿ. "ಉಧಾರ್", ಅಂದರೆ ಸಾಲ, ಅನ್ನುವ ಪದ ನನಗೆ ನಿಲ್ಲುತ್ತಲೇ ಇರಲಿಲ್ಲ. ನಮ್ಮ ಒಬ್ಬ ಗಿರಾಕಿಯ ಹೆಸರು, ಅವರು ಕೊಡಬೇಕಾದ ಮೊತ್ತ ಎರಡನ್ನೂ ಸೇರಿಸಿ ವಾಕ್ಯ ಮಾಡಿದೆ. ಅವತ್ತಿನಿಂದ ಮರೆತಿಲ್ಲ.

ತೊಂಬತ್ತು ದಿನ ಆದ ಮೇಲೆ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆರೆದು ಮತ್ತೆ ಮೂವತ್ತು ಬರೆಯಿರಿ. ಆದೋನಿ, ಗುಂತಕಲ್ ಕಡೆಯಿಂದ ಅಂಗಡಿಯವರು ನಮಗೆ ಫೋನ್ ಮಾಡುತ್ತಾರೆ, ಹಾಗಾಗಿ ನನ್ನ ಹೊಸ ಪುಟ ತೆಲುಗಿನದು. ಹನ್ನೊಂದು ವಾಕ್ಯ ಆಗಿದೆ. ಧ್ವನಿ ಕೊಡಲು ಕಟಿಂಗ್ ಮಾಸ್ಟರ್ ಒಪ್ಪಿಕೊಂಡಿದ್ದಾರೆ, ಊಟದ ಬಿಡುವಿನಲ್ಲಿ ಮಷೀನ್ ಸದ್ದು ನಿಂತ ಮೇಲೆ.